ಕೆಲಗೇರಿಯ ಲ, ಮಾಳಮಡ್ಡಿಯ ಳ

ಮೈಸೂರು ಬಿಟ್ಟು ಧಾರವಾಡಕ್ಕೆ ಬಂದು ಏಳು ತಿಂಗಳಾಯ್ತು. ಮೊದಲ ಎರಡು ತಿಂಗಳು ಆಫೀಸು, ರೂಮು, ಖಾನಾವಳಿ, ಅಷ್ಟೇ. ಭಾನುವಾರ ಬಂದರೆ ಮಾತಾಡಲು ಒಬ್ಬರೂ ಇರುತ್ತಿರಲಿಲ್ಲ.

ನನಗೆ ಈ ಊರಲ್ಲಿ ಗೆಳೆಯರನ್ನು ಕೊಟ್ಟಿದ್ದು ಓಪನ್‌ಸ್ಟ್ರೀಟ್‌ಮ್ಯಾಪ್. ಗೊತ್ತಿಲ್ಲದವರಿಗೆ ಹೇಳ್ತೀನಿ, ಅದು ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ್ದು. ಆಗ ಅಲ್ಲಿ ಸರ್ಕಾರಿ ನಕ್ಷೆಯ ಮಾಹಿತಿ ಬೇಕಂದ್ರೆ ದುಡ್ಡು ಕೊಡಬೇಕಿತ್ತು, ಹಾಗಾಗಿ ಜನರೇ ಜಿಪಿಎಸ್ ಹಿಡಿದು ಬೀದಿ ಬೀದಿ ತಿರುಗಿ ತಮ್ಮದೇ ನಕ್ಷೆ ಮಾಡಿಕೊಂಡರು. ಕೋಡ್ ಬರೆಯಲು ಬರಲೇಬೇಕು ಅಂತೇನಿಲ್ಲ. ನಾನು ಅಕೌಂಟ್ಸ್ ಕೆಲಸದವನು, ಒಂದು ಸಾಲು ಕೋಡ್ ಬರೆದವನಲ್ಲ. ಸ್ಟ್ರೀಟ್‌ಕಂಪ್ಲೀಟ್ ಅನ್ನೋ ಆ್ಯಪ್ ಹಾಕಿಕೊಂಡು ನಡೆಯುತ್ತಾ ಹೋದರೆ ಅದೇ ಕೇಳುತ್ತದೆ: ಈ ರಸ್ತೆ ಡಾಂಬರಿನದಾ, ಮಣ್ಣಿನದಾ? ಈ ಅಂಗಡಿ ಎಷ್ಟು ಹೊತ್ತಿಗೆ ತೆಗೀತಾರೆ? ನೋಡಿ ಉತ್ತರ ಕೊಟ್ಟರೆ ಆಯ್ತು.

ನನಗೆ ಜಾಸ್ತಿ ಹಿಡಿಸಿದ್ದು ಹೆಸರುಗಳ ಕೆಲಸ. ಈ ನಕ್ಷೆಯಲ್ಲಿ ಪ್ರತಿ ಜಾಗಕ್ಕೂ ಕನ್ನಡ ಹೆಸರು ಬರೆಯಲು ಅಂತಲೇ ಬೇರೆ ಅಂಕಣ ಇದೆ. ಅದನ್ನು ತುಂಬಿದರೆ, ಇದೇ ನಕ್ಷೆ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆ್ಯಪ್‌ನಲ್ಲಿ ಫೋನಿನ ಭಾಷೆ ಕನ್ನಡ ಇಟ್ಟುಕೊಂಡವರಿಗೆ ಊರು ಕನ್ನಡದಲ್ಲೇ ಕಾಣುತ್ತದೆ. ಖಾಲಿ ಬಿಟ್ಟರೆ ಇಂಗ್ಲಿಷೇ ಗತಿ. ನಾನೂ ಉತ್ಸಾಹದಲ್ಲಿ ಇಂಗ್ಲಿಷ್ ಹೆಸರು ನೋಡಿಕೊಂಡು ತುಂಬುತ್ತಾ ಹೋದೆ. ಒಂದು ಕೆರೆಯ ಹತ್ತಿರ ಬಂದಾಗ ಅದರ ಹೆಸರು 'ಕೆಳಗೇರಿ' ಅಂತ ಬರೆದೆ. ಕೆಳಗಿನ ಕೇರಿ, ಸರಿಯೇ ಇರಬೇಕು ಅಲ್ವಾ?

ಎರಡು ದಿನಕ್ಕೆ ಧಾರವಾಡದವರೇ ಒಬ್ಬರು ನನ್ನ ಬದಲಾವಣೆಯ ಕೆಳಗೆ ಬರೆದರು: "ಅದು ಕೆಲಗೇರಿ ರೀ. ಒಮ್ಮೆ ಹೋಗಿ ಬೋರ್ಡ್ ನೋಡ್ರಿ." ಹೋಗಿ ನೋಡಿದೆ. ಲ ಇತ್ತು. ಅವತ್ತೇ ಊರಿನ ಇನ್ನೊಂದು ಭಾಗವಾದ ಮಾಳಮಡ್ಡಿಯನ್ನೂ ನೋಡಿಕೊಂಡು ಬಂದೆ, ಅಲ್ಲಿ ಳ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಎಲ್. ಯಾವುದು ಲ, ಯಾವುದು ಳ ಅಂತ ಹೇಳಬೇಕಾದವರು ಆ ಊರಿನವರೇ.

ಹಾಗೆ ತಿದ್ದಿದವರ ಜೊತೆಗೇ ಈಗ ಭಾನುವಾರ ಸುತ್ತುವುದು. ಹೆಬ್ಬಳ್ಳಿ ಅಗಸಿಯ ಹತ್ತಿರ ನಿಂತು, ಅಗಸಿ ಅಂದ್ರೆ ಏನು ಅಂತ ಕೇಳಿದೆ. ಊರ ಬಾಗಿಲು ಅಂದರು. ಅಲ್ಲಿಯವರೆಗೆ ಅದು ನನಗೆ ಬಸ್ಸಿನಲ್ಲಿ ಕೇಳಿದ ಒಂದು ಹೆಸರು ಮಾತ್ರ.

ಅದಕ್ಕೇ ಇದನ್ನು ಗಟ್ಟಿಯಾಗಿ ಹೇಳಬೇಕು ಅನಿಸಿದೆ. ಸಾವಿರ ಇಂಗ್ಲಿಷ್ ಹೆಸರುಗಳನ್ನು ಯಂತ್ರಕ್ಕೆ ಕೊಟ್ಟು ಒಂದೇ ರಾತ್ರಿ ಕನ್ನಡ ಮಾಡಿ ಸುರಿಯಬೇಡಿ. ಹಾಗೆ ಸಾರಾಸಗಟಾಗಿ ತುಂಬುವ ಮೊದಲು ಸಮುದಾಯದಲ್ಲಿ ಚರ್ಚೆ ಮಾಡಬೇಕು ಅಂತ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲೇ ನಿಯಮ ಇದೆ. ಗೂಗಲ್ ಮ್ಯಾಪ್ ನೋಡಿ ನಕಲು ಮಾಡುವುದಂತೂ ಕೂಡದೇ ಕೂಡದು, ಅದು ಅವರ ಸ್ವತ್ತು. ಖಾಲಿ ಇದ್ದ ಜಾಗವನ್ನು ನಾಳೆ ಯಾರಾದರೂ ತುಂಬುತ್ತಾರೆ. ತಪ್ಪು ಹೆಸರು ಕೂತರೆ ಅದನ್ನೇ ನೋಡಿ ಇನ್ನೊಬ್ಬರು ಬರೆಯುತ್ತಾರೆ, ಆಮೇಲೆ ಬೋರ್ಡಿಗೂ ಅದೇ ಬರುತ್ತದೆ. ಚಹಾ ಅಂಗಡಿಯಲ್ಲಿ ಐದು ನಿಮಿಷ ಕೂತು ಕೇಳಿದರೆ ಸಾಕು, ಧಾರವಾಡದ ಜನ ಓಣಿಯ ಹೆಸರಷ್ಟೇ ಅಲ್ಲ, ಆ ಹೆಸರು ಯಾಕೆ ಬಂತು ಅಂತಲೂ ಹೇಳಿ ಕಳಿಸುತ್ತಾರೆ.

ಹೊಸ ಊರಿಗೆ ಹೋದವರು ಒಂಟಿತನ ಅಂತ ಬರೆಯುವುದನ್ನು ಇಲ್ಲಿ ದಿನಾ ಓದುತ್ತೇನೆ, ಸಂಕಟ ಆಗುತ್ತದೆ. ಸುಮ್ನೆ ಪರಿಚಯ ಮಾಡಿಕೊಳ್ಳಲು ನನಗೂ ಸಂಕೋಚ. ಆದರೆ ಕೈಯಲ್ಲಿ ಒಂದು ಕೆಲಸ ಇದ್ದಾಗ ಪ್ರಶ್ನೆ ಕೇಳಲು ಸಂಕೋಚ ಆಗಲಿಲ್ಲ.

ಈ ಭಾನುವಾರ ಬೆಳಿಗ್ಗೆ 7ಕ್ಕೆ ಹೊಸಯಲ್ಲಾಪುರದ ಓಣಿಗಳಿಗೆ ಹೋಗುತ್ತಿದ್ದೇವೆ. ಅಲ್ಲೇ ಹುಟ್ಟಿ ಬೆಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮೆಸೇಜ್ ಮಾಡಿ. ಫೋನು, ಆ್ಯಪ್ ನಮ್ಮ ಹತ್ತಿರ ಇದೆ. ಹೆಸರು ಹೇಳುವವರು ಬೇಕು.