ನೀರಿಡೋದು ಸರಿ, ಕಿಟಕಿ ಗ್ಲಾಸಿಗೇನ್ ಮಾಡೋದು?

ಹಕ್ಕಿಗಳಿಗೆ ಬೇಸಿಗೇಲಿ ತಟ್ಟೇಲಿ ನೀರಿಡಿ ಅಂತ ನೀವು ಬರ್ದಿರೋದೇನೋ ಸರಿ ಸಾರ್, ಆದ್ರೆ ನಮ್ ಮೂಡಿಗೆರೆ ಕಡೆ ಈಗ ದೊಡ್ ತೊಂದ್ರೆ ಗ್ಲಾಸು. ತೋಟದ ಮಧ್ಯೆ ಹೋಂಸ್ಟೇ ಕಟ್ಟಿ ಗೋಡೆ ಪೂರ್ತಿ ಗ್ಲಾಸ್ ಹಾಕ್ತಾರೆ, ಅದ್ರಲ್ಲಿ ಸಿಲ್ವರ್ ಮರ, ಆಕಾಶ ಎಲ್ಲ ಕಾಣುತ್ತಲ್ಲ, ಹಕ್ಕಿ ಅದೂ ತೋಟಾನೇ ಅಂದ್ಕೊಂಡು ಸೀದಾ ಬಂದು ಹೊಡ್ಕೊಳುತ್ತೆ. ಮಳೆಗಾಲ ಮುಗಿದ್ಮೇಲೆ ಉತ್ತರದಿಂದ ವಲಸೆ ಬರೋ ನವರಂಗ ಹಕ್ಕಿ ಹೀಗೇ ಬಿದ್ದಿದ್ದು ನೋಡಿದೀನಿ, ಹಸಿರು ಬೆನ್ನು, ಬಾಲದ ಕೆಳಗೆ ಕೆಂಪು, ಕಣ್ಣು ಅರ್ಧ ಮುಚ್ಕೊಂಡು ಕೂತಿತ್ತು. ಅಂಥದ್ರ ಬಾಯಿಗೆ ನೀರು ಬಿಡಕ್ಕೆ ಹೋಗ್ಬೇಡಿ, ತೂತು ಮಾಡಿರೋ ರಟ್ಟಿನ ಡಬ್ಬದೊಳಗೆ ಕತ್ತಲಲ್ಲಿಡಿ, ಸುಧಾರಿಸ್ಕೊಂಡ್ಮೇಲೆ ಹೊರಗೆ ಬಿಡಿ.

ಹಕ್ಕಿ ಹೆದರ್ಲಿ ಅಂತ ಗ್ಲಾಸಿಗೆ ಗಿಡುಗದ ಸ್ಟಿಕ್ಕರ್ ಒಂದು ಅಂಟಿಸಿದ್ರೆ ಉಪಯೋಗ ಇಲ್ಲ. ಗ್ಲಾಸಿನ ಹೊರಗಡೆ, ಒಳಗಲ್ಲ, 2 ಇಂಚಿಗೊಂದು ಚುಕ್ಕಿ ಬರ್ಬೇಕು, ಇಲ್ಲಾಂದ್ರೆ ಹೊರಗಿಂದ ಸೊಳ್ಳೆ ಪರದೆ ಬಿಗಿದ್ರೂ ಆಯ್ತು (ಗೆಸ್ಟ್‌ಗೆ ವ್ಯೂ ಹೋಗುತ್ತಂತೆ, ಹೋಗ್ಲಿ ಬಿಡಿ). ಆ ನೀರಿನ ತಟ್ಟೇನೂ ಗ್ಲಾಸಿಂದ 3 ಅಡಿ ಒಳಗೇ ಇಡಿ, ಅಷ್ಟು ಹತ್ರದಿಂದ ಹಾರಿದ್ರೆ ಪೆಟ್ಟು ಜೋರಾಗಲ್ಲ, 10–15 ಅಡಿ ದೂರಾನೇ ಡೇಂಜರು.