ಗೋಲು ಹೊಡೆದವರು ಇಬ್ಬರೂ ಡಿಫೆಂಡರುಗಳು

ನಿನ್ನೆ, 2025ರ ಆಗಸ್ಟ್ 29ರ ರಾತ್ರಿ, ಕಾಫಾ ನೇಷನ್ಸ್ ಕಪ್ ಟೂರ್ನಿಯಲ್ಲಿ ಹಿಸೋರ್‌ನಲ್ಲಿ ಭಾರತದ ಫುಟ್‌ಬಾಲ್ ತಂಡ ತಜಿಕಿಸ್ತಾನವನ್ನು ಅವರ ನೆಲದಲ್ಲೇ 2–1ರಿಂದ ಸೋಲಿಸಿತು. ಖಾಲಿದ್ ಜಮೀಲ್ ಮುಖ್ಯ ಕೋಚ್ ಆದ ಮೇಲೆ ಇದೇ ಮೊದಲ ಪಂದ್ಯ. 2023ರ ನವೆಂಬರಿನಲ್ಲಿ ಕುವೈತ್‌ನಲ್ಲಿ ಮನ್‌ವೀರ್ ಸಿಂಗ್ ಅವರ ಒಂದೇ ಗೋಲಿನಿಂದ ಗೆದ್ದ ನಂತರ ಹೊರದೇಶದಲ್ಲಿ ನಮಗೆ ಸಿಕ್ಕ ಮೊದಲ ಜಯವೂ ಹೌದು. ಕೊನೆಯ ಸೀಟಿ ಊದಿದಾಗ ನಾನೂ ಕುರ್ಚಿಯಿಂದೆದ್ದು ಕೂಗಿ, ಆಗಲೇ ನಿದ್ದೆ ಹೋಗಿದ್ದ ಮನೆಯವರಿಂದ ಬೈಸಿಕೊಂಡೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಬೆಳಿಗ್ಗೆ ಎದ್ದು ಫೋನ್ ನೋಡಿದರೆ, ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ನನ್ನ ಜೊತೆ ಗಂಟಲು ಹರಿದುಕೊಳ್ಳುವ ಗೆಳೆಯರೆಲ್ಲ ಒಂದೇ ರಾಗ ಹಾಡುತ್ತಿದ್ದರು: ಜಮೀಲ್ ಬಂದರು, ನಮ್ಮ ದಾಳಿಯ ಸಮಸ್ಯೆ ಮುಗಿಯಿತು.

ಯಾವ ದಾಳಿ ಸ್ವಾಮಿ? ಐದನೇ ನಿಮಿಷದಲ್ಲಿ ಉವೈಸ್ ಉದ್ದಕ್ಕೆ ಎಸೆದ ಥ್ರೋ-ಇನ್‌ಗೆ ಅನ್ವರ್ ಅಲಿ ತಲೆಕೊಟ್ಟರು, ಗೋಲಾಯಿತು. ಹದಿಮೂರನೇ ನಿಮಿಷದಲ್ಲಿ ರಾಹುಲ್ ಭೆಕೆ ಅವರ ಹೆಡರನ್ನು ಗೋಲ್‌ಕೀಪರ್ ತಡೆದಾಗ ಮರಳಿ ಬಂದ ಚೆಂಡನ್ನು ಸಂದೇಶ್ ಜಿಂಗನ್ ಒಳಗೆ ನೂಕಿದರು. ಅನ್ವರ್, ಜಿಂಗನ್, ಭೆಕೆ, ಉವೈಸ್ ನಾಲ್ವರೂ ಡಿಫೆಂಡರುಗಳು. ಆಮೇಲೆ ತಜಿಕಿಸ್ತಾನವೂ ಒಂದು ಗೋಲು ಹೊಡೆಯಿತು. ದ್ವಿತೀಯಾರ್ಧದಲ್ಲಿ ಅವರಿಗೆ ಪೆನಾಲ್ಟಿ ಸಿಕ್ಕಾಗ ನಮ್ಮ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು ಅದನ್ನು ತಡೆಯದೇ ಹೋಗಿದ್ದರೆ ಈ ಬೆಳಗಿನ ಸಂಭ್ರಮವೂ ಇರುತ್ತಿರಲಿಲ್ಲ. ಎದುರಾಳಿಯ ಗೋಲಿನಲ್ಲೂ ನಾವೇ, ನಮ್ಮ ಗೋಲಿನ ಮುಂದೆಯೂ ನಾವೇ ಎಂದು ದುಡಿದವರು ರಕ್ಷಣೆಯ ಹುಡುಗರು. ಅವರಿಗೆ ನನ್ನ ನಮಸ್ಕಾರ. ಆದರೆ ಇದನ್ನು ನೋಡಿ ಫಾರ್ವರ್ಡ್‌ಗಳ ಬರ ತೀರಿತು ಎನ್ನುವವರಿಗೆ ನಮಸ್ಕಾರ ಮಾಡಲು ನನ್ನ ಕೈ ಏಳುತ್ತಿಲ್ಲ.

ಇದು ನಿನ್ನೆ ಮೊನ್ನೆಯ ಕಥೆಯಲ್ಲ. 2024ರ ಜನವರಿಯಲ್ಲಿ ಕತಾರ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾಗಳ ಎದುರು ಮೂರು ಪಂದ್ಯ ಆಡಿ ಒಂದೇ ಒಂದು ಗೋಲನ್ನೂ ಹೊಡೆಯದೆ ನಾವು ಮನೆಗೆ ಬಂದೆವು. ಅದೇ ಟೂರ್ನಿಯಲ್ಲಿ, ಮೊದಲ ಬಾರಿಗೆ ಏಷ್ಯಾ ಕಪ್ ಆಡಿದ ಇದೇ ತಜಿಕಿಸ್ತಾನ ಕ್ವಾರ್ಟರ್ ಫೈನಲ್ ತಲುಪಿತ್ತು. ಆ ವರ್ಷ ಪೂರ್ತಿ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಕೋಚ್ ಇಗೊರ್ ಸ್ಟಿಮಾಚ್ ಹೋದರು, ಮನೋಲೊ ಮಾರ್ಕೆಸ್ ಬಂದರು. ಮನೋಲೊ ಅವರ ಅವಧಿಯ ಎಂಟು ಪಂದ್ಯಗಳಲ್ಲಿ ನಾವು ಹೊಡೆದದ್ದು ಐದು ಗೋಲು. ಅದರಲ್ಲಿ ಮೂರು ಮಾಲ್ಡೀವ್ಸ್ ಎಂಬ ಪುಟ್ಟ ದ್ವೀಪದೇಶದ ವಿರುದ್ಧ. ಐದರಲ್ಲಿ ಎರಡು, ಮಲೇಷ್ಯಾದ ಎದುರು ಒಂದು ಮತ್ತು ಮಾಲ್ಡೀವ್ಸ್ ಎದುರು ಒಂದು, ಮತ್ತದೇ ರಾಹುಲ್ ಭೆಕೆ ಅವರ ಹೆಡರುಗಳು. ಇನ್ನೊಂದು, ನಿವೃತ್ತಿಯಿಂದ ಎಬ್ಬಿಸಿ ಕರೆತಂದ ಸುನಿಲ್ ಛೆಟ್ರಿ ಅವರದು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಜೊತೆ 0–0, ಹಾಂಗ್‌ಕಾಂಗ್‌ನಲ್ಲಿ ಕೊನೆಯ ಗಳಿಗೆಯ ಪೆನಾಲ್ಟಿಗೆ 0–1. ಹಾಂಗ್‌ಕಾಂಗ್ ಪಂದ್ಯದ ಮೊದಲಾರ್ಧದಲ್ಲಿ ಲಿಸ್ಟನ್ ಕೊಟ್ಟ ಚೆಂಡನ್ನು ಆಶಿಕ್ ಕುರುಣಿಯನ್ ತೆರೆದ ಗೋಲಿನ ಮುಂದೆ ನಿಂತು ಹೊರಗೆ ಕಳಿಸಿದ್ದನ್ನು ನೆನೆದರೆ ಈಗಲೂ ನನ್ನ ಹಲ್ಲು ಕಡಿಯುತ್ತದೆ. ಆಶಿಕ್ ಮೇಲೆ ನನಗೆ ಸಿಟ್ಟಿಲ್ಲ. ಅವರು ಪಕ್ಕದಲ್ಲಿ ಓಡುವ ಆಟಗಾರ. ಗೋಲು ಹೊಡೆಯುವುದನ್ನೇ ಕಸುಬು ಮಾಡಿಕೊಂಡವನು ನಿಲ್ಲಬೇಕಾದ ಜಾಗದಲ್ಲಿ ಅವರನ್ನು ನಿಲ್ಲಿಸುವ ಸ್ಥಿತಿ ಬಂದದ್ದರ ಮೇಲೆ ಸಿಟ್ಟು.

ಜಮೀಲ್ ಆಯ್ಕೆಯಾದಾಗ ನಾನು ಇಲ್ಲಿಯೇ ಸಂತೋಷಪಟ್ಟು ಬರೆದಿದ್ದೆ, ಓದಿದವರಿಗೆ ನೆನಪಿರಬಹುದು. ಸೇವಿಯೊ ಮೆಡೇರಾ ಅವರ ನಂತರ, ಅಂದರೆ 13 ವರ್ಷಗಳ ಮೇಲೆ, ರಾಷ್ಟ್ರೀಯ ತಂಡಕ್ಕೆ ಭಾರತೀಯ ಕೋಚ್ ಸಿಕ್ಕರು. ಕೊನೆಯ ಸುತ್ತಿನಲ್ಲಿ ಉಳಿದ ಇನ್ನಿಬ್ಬರು ಸ್ಟೀಫನ್ ಕಾನ್‌ಸ್ಟಂಟೈನ್ ಮತ್ತು ಸ್ಟೆಫಾನ್ ಟಾರ್ಕೊವಿಚ್ ಎಂಬ ಹೊರನಾಡಿನವರು. ಐಜ್ವಾಲ್‌ನಂಥ ಸಣ್ಣ ಊರಿನ ಕ್ಲಬ್ಬನ್ನು 2016–17ರಲ್ಲಿ ಮೋಹನ್ ಬಾಗಾನ್‌ಗಿಂತ ಒಂದೇ ಅಂಕ ಮುಂದೆ ನಿಲ್ಲಿಸಿ ಐ-ಲೀಗ್ ಗೆಲ್ಲಿಸಿದ ಮನುಷ್ಯ, ಕಳೆದ ಸೀಸನ್ನಿನಲ್ಲಿ ಜಮ್ಶೆಡ್‌ಪುರವನ್ನು ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೆಮಿಫೈನಲ್‌ಗೂ ಸೂಪರ್ ಕಪ್ ಫೈನಲ್‌ಗೂ ಒಯ್ದ ಮನುಷ್ಯ, ಕಡಿಮೆ ಸರಕಿನಲ್ಲಿ ಅಂಗಡಿ ನಡೆಸುವುದು ಹೇಗೆಂದು ಬಲ್ಲ. ತಂಡ ಹಿಂದೆ ಒತ್ತಾಗಿ ನಿಲ್ಲಬೇಕು, ಚೆಂಡು ಸಿಕ್ಕ ಕೂಡಲೇ ನೇರವಾಗಿ ಮುಂದಕ್ಕೆ ಹೋಗಬೇಕು, ಕಾರ್ನರ್, ಫ್ರೀ ಕಿಕ್, ಥ್ರೋ-ಇನ್ ಒಂದನ್ನೂ ವ್ಯರ್ಥ ಮಾಡಬಾರದು ಎಂಬ ಅವರ ಆಟವನ್ನು ಬಲ್ಲವರಿಗೆ ನಿನ್ನೆಯ ಮೊದಲ ಹದಿಮೂರು ನಿಮಿಷ ಅಚ್ಚರಿ ತಂದಿರಲಾರದು. ಹದಿನೈದು ದಿನವೂ ತುಂಬದ ಶಿಬಿರ, ಅದೂ ನಮ್ಮ ಬೆಂಗಳೂರಿನಲ್ಲಿ. ಡುರಾಂಡ್ ಕಪ್ ನಡೆಯುತ್ತಿದ್ದರಿಂದ ಕರೆದವರೆಲ್ಲ ಒಟ್ಟಿಗೆ ಬಂದಿರಲಿಲ್ಲ. ಮೋಹನ್ ಬಾಗಾನ್ ತನ್ನ ಆಟಗಾರರನ್ನು ಬಿಟ್ಟುಕೊಡಲಿಲ್ಲ. ಇಷ್ಟರೊಳಗೆ ಒಬ್ಬ ಕೋಚ್ ಕಲಿಸಬಹುದಾದದ್ದು ಕಾರ್ನರ್, ಥ್ರೋ-ಇನ್‌ಗಳಂಥ ಸೆಟ್ ಪೀಸ್ ಮಾತ್ರ, ಅದನ್ನು ಅವರು ಕಲಿಸಿ ತೋರಿಸಿದ್ದಾರೆ. ಆದ್ದರಿಂದ ನನ್ನ ತಕರಾರು ಅವರೊಂದಿಗಲ್ಲ.

ನನ್ನ ತಕರಾರು ಒಂಬತ್ತನೇ ನಂಬರಿನ ಅಂಗಿಯ, ಅಂದರೆ ಗೋಲು ಹೊಡೆಯುವ ಸ್ಟ್ರೈಕರ್‌ನ, ಬಗ್ಗೆ. ಆ ಅಂಗಿ ತೊಟ್ಟು ಪೆನಾಲ್ಟಿ ಬಾಕ್ಸ್‌ನಲ್ಲಿ ನಿಲ್ಲಬಲ್ಲ ಭಾರತೀಯನನ್ನು ಬೆಳೆಸುವ ಜಾಗವೇ ನಮ್ಮಲ್ಲಿ ಉಳಿದಿಲ್ಲ. ಐಎಸ್‌ಎಲ್‌ನಲ್ಲಿ ಏಕಕಾಲಕ್ಕೆ ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು. ಆ ನಾಲ್ವರಲ್ಲಿ ಒಬ್ಬ ಸ್ಟ್ರೈಕರ್ ಆಗಿಯೇ ಇರುತ್ತಾನೆ. ಕ್ಲಬ್ಬಿನವರನ್ನು ಕೇಳಿ, ಗೋಲು ಹೊಡೆಯುವವನಿಗೆ ತಾನೇ ದುಡ್ಡು ಕೊಡಬೇಕು ಎನ್ನುತ್ತಾರೆ. ಕಳೆದ ಸೀಸನ್ನಿನಲ್ಲಿ ಅತಿ ಹೆಚ್ಚು, 23 ಗೋಲು ಹೊಡೆದವರು ನಾರ್ತ್ ಈಸ್ಟ್ ಯುನೈಟೆಡ್‌ನ ಮೊರಾಕ್ಕೊ ಆಟಗಾರ ಅಜಾರೈ. ಭಾರತೀಯರಲ್ಲಿ ಮುಂದಿದ್ದವರು 14 ಗೋಲು ಹೊಡೆದ, ನಲವತ್ತು ತುಂಬಿದ ನಮ್ಮ ಛೆಟ್ರಿ. ಅಷ್ಟೇ ಏಕೆ, ಬೆಂಗಳೂರು ಎಫ್‌ಸಿಯಲ್ಲಿ ವೆನೆಜುವೆಲಾದ ಮಿಕು ಇದ್ದ ದಿನಗಳಲ್ಲಿ ಸ್ವತಃ ಛೆಟ್ರಿ ಅವರೇ ನಡುವಿನ ಜಾಗ ಬಿಟ್ಟು ಎಡಗಡೆ ಆಡುತ್ತಿದ್ದರು. ಗ್ಯಾಲರಿಯಲ್ಲಿ ಕುಳಿತು ನಾವೆಲ್ಲ ಅದನ್ನು ಚಪ್ಪಾಳೆ ತಟ್ಟಿ ನೋಡಿದವರು. ದೇಶಕ್ಕಾಗಿ 95 ಗೋಲು ಹೊಡೆದವರಿಗೇ ಕ್ಲಬ್ಬಿನಲ್ಲಿ ಆ ಜಾಗ ಸಿಗದಿದ್ದರೆ ಇಪ್ಪತ್ತೆರಡರ ಹುಡುಗನಿಗೆ ಯಾರು ಕೊಡುತ್ತಾರೆ? ಇನ್ನು ಜಮೀಲ್ ಅವರದೇ ಜಮ್ಶೆಡ್‌ಪುರ ತಂಡದಲ್ಲೂ ಮುಂದೆ ಆಡುತ್ತಿದ್ದವರು ಸ್ಪೇನಿನ ಸಿವೆರಿಯೊ, ಆಸ್ಟ್ರೇಲಿಯಾದ ಜೋರ್ಡನ್ ಮರ್‍ರೆ. ಕ್ಲಬ್ ಕೋಚ್ ಆಗಿದ್ದಾಗ ಅವರೂ ಎಲ್ಲರಂತೆಯೇ ಮಾಡಿದರು. ಈಗ ಆ ಲೆಕ್ಕದ ಬಾಕಿಯನ್ನು ಅವರೇ ತೀರಿಸಬೇಕಾಗಿ ಬಂದಿದೆ ಎಂಬುದು ತಮಾಷೆ.

ಕೆಳಗಿನ ಹಂತದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದನ್ನು ಕಳೆದ ತಿಂಗಳು ಕಣ್ಣಾರೆ ಕಂಡೆ. ನಮ್ಮ ಕಡೆಯ ಒಂದು ಮೈದಾನದಲ್ಲಿ ಹದಿನಾಲ್ಕು ವರ್ಷದೊಳಗಿನವರ ಆಯ್ಕೆ ನಡೆಯುತ್ತಿತ್ತು. ಒಬ್ಬ ಸಣಕಲು ಹುಡುಗ ಗೋಲಿಗೆ ಬೆನ್ನು ಹಾಕಿ ನಿಂತು, ತನಗಿಂತ ಅರ್ಧ ಅಡಿ ಎತ್ತರದ ಡಿಫೆಂಡರನ್ನು ಸೊಂಟದಿಂದಲೇ ಒತ್ತಿ ಹಿಡಿದು, ಚೆಂಡು ಕಾಲಿಗೆ ತಾಗಿದ ಕೂಡಲೇ ಗೋಲಿನ ಕಡೆ ನೋಡದೆಯೇ ತಿರುಗಿ ಎಡಗಾಲಲ್ಲಿ ಬಾರಿಸಿದ. ಗೋಲು ಎಲ್ಲಿದೆ ಎಂಬುದು ಅವನಿಗೆ ಬೆನ್ನಿನಲ್ಲೇ ಗೊತ್ತಿತ್ತು. ಅದು ಕಲಿಸಿ ಬರುವ ವಿದ್ಯೆಯಲ್ಲ. ಆಯ್ಕೆ ಮುಗಿದ ಮೇಲೆ ತರಬೇತುದಾರರು ಅವನ ತಂದೆಯನ್ನು ಪಕ್ಕಕ್ಕೆ ಕರೆದು ಹೇಳಿದ್ದನ್ನು, ಬೂಟಿನ ಲೇಸ್ ಕಟ್ಟುವ ನೆಪದಲ್ಲಿ ಕುಳಿತು ಕೇಳಿಸಿಕೊಂಡೆ: "ಹುಡುಗ ಚೆನ್ನಾಗಿ ಆಡ್ತಾನೆ ಸರ್. ಆದ್ರೆ ಮುಂದೆ ಆಡಿಸಿದ್ರೆ ದೊಡ್ಡ ಕ್ಲಬ್‌ನಲ್ಲಿ ಜಾಗ ಸಿಗಲ್ಲ, ಅಲ್ಲೆಲ್ಲ ಫಾರಿನರ್ಸ್ ಇರ್ತಾರೆ. ಎಡಗಾಲು ಇದೆ, ಲೆಫ್ಟ್ ಬ್ಯಾಕ್ ಮಾಡಿಬಿಡೋಣ." ತಂದೆ ತಲೆಯಾಡಿಸಿದರು. ಆ ತರಬೇತುದಾರರನ್ನು ನಾನು ದೂರುವುದಿಲ್ಲ. ಹುಡುಗನ ಹೊಟ್ಟೆಪಾಡಿನ ದೃಷ್ಟಿಯಿಂದ ಅವರು ಕೊಟ್ಟದ್ದು ಸರಿಯಾದ ಸಲಹೆಯೇ. ಸಂಕಟ ಇರುವುದು ಅದು ಸರಿಯಾದ ಸಲಹೆ ಎಂಬುದರಲ್ಲಿ.

ಈಗ ಗೆಳೆಯರ ವಾದಕ್ಕೆ ಬರುತ್ತೇನೆ. ಗೋಲು ಯಾರು ಹೊಡೆದರೇನು, ಲೆಕ್ಕಕ್ಕೆ ಬರುವುದು ಗೋಲು ತಾನೇ, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬಿನವರೂ ಕಾರ್ನರ್‌ಗಳಿಂದಲೇ ಹೊಡೆಯುತ್ತಾರಲ್ಲ ಎನ್ನುತ್ತಾರೆ. ಆರ್ಸೆನಲ್‌ಗೆ ಅಷ್ಟು ಕಾರ್ನರ್‌ಗಳು ಸಿಗುವುದೇ ಅವರ ಫಾರ್ವರ್ಡ್‌ಗಳು ಎದುರಾಳಿಯ ಬಾಕ್ಸ್‌ನೊಳಗೆ ಬಿಡಾರ ಹೂಡುವುದರಿಂದ ಎಂಬುದನ್ನು ಮರೆಯುತ್ತಾರೆ. ಓದಿಕೊಂಡ ಇನ್ನೊಬ್ಬರು 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಉದಾಹರಣೆ ಕೊಟ್ಟರು. ಆಗ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರು ತಲೆಗೆ ಪೆಟ್ಟು ಬಿದ್ದಿದ್ದ ಡಿಫೆಂಡರ್ ಜರ್ನೈಲ್ ಸಿಂಗ್ ಅವರನ್ನು ಸೆಂಟರ್ ಫಾರ್ವರ್ಡ್ ಮಾಡಿ ಕಣಕ್ಕಿಳಿಸಿದರು, ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಅವರೇ ಒಂದು ಗೋಲು ಹೊಡೆದರು, ಚಿನ್ನ ಬಂತು. ಸತ್ಯ. ಆದರೆ ಆ ಜರ್ನೈಲ್ ಸುತ್ತ ಪಿ.ಕೆ. ಬ್ಯಾನರ್ಜಿ, ಚುನಿ ಗೋಸ್ವಾಮಿ, ಬಲರಾಮ್ ಇದ್ದರು. ಫೈನಲ್‌ನ ಇನ್ನೊಂದು ಗೋಲು ಪಿ.ಕೆ. ಅವರದು. ಅದಕ್ಕೂ ಮೊದಲು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನೆವಿಲ್ ಡಿಸೋಜಾ ಆಸ್ಟ್ರೇಲಿಯಾದ ವಿರುದ್ಧ ಮೂರು ಗೋಲು ಹೊಡೆದ ದೇಶ ಇದು. ಅದಕ್ಕೂ ಹಿಂದೆ 1948ರಲ್ಲಿ, ಲಂಡನ್‌ನಲ್ಲಿ ಫ್ರಾನ್ಸ್ ಎದುರು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ನಮಗೆ ಗೋಲು ಹೊಡೆಯುವ ಜಾಯಮಾನವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಬೈಯುವವರು ಬೈಯಿರಿ. ಜಮೀಲ್ ಅವರ ಪಟ್ಟಿಯಲ್ಲಿ ಛೆಟ್ರಿ ಅವರ ಹೆಸರಿಲ್ಲ ಎಂದು ತಿಳಿದಾಗ ನನ್ನೊಳಗೆ ನೆಮ್ಮದಿಯಾಯಿತು. ಆ ಮನುಷ್ಯನ ಹೆಸರು ಬೆನ್ನಿಗಿರುವ ಅಂಗಿಯನ್ನು ತೊಟ್ಟು ಮದುವೆಯ ಆರತಕ್ಷತೆಗೆ ಹೋಗಿಬಂದವನು ನಾನು; ಅವರ ಮೇಲಿನ ಪ್ರೀತಿಯನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ. ಆದರೆ ಅವರು ಬೆಂಚಿನಲ್ಲಿದ್ದಷ್ಟು ದಿನವೂ ಎಪ್ಪತ್ತನೇ ನಿಮಿಷಕ್ಕೆ ಎಲ್ಲರ ಕಣ್ಣೂ ಆ ಕಡೆಗೇ ಹೊರಳುತ್ತದೆ: ಆಟಗಾರರದು, ಪ್ರೇಕ್ಷಕರದು, ಕೋಚ್‌ನದು. ಮೈದಾನದಲ್ಲಿ ಮುಂದೆ ಆಡುತ್ತಿರುವ ಹುಡುಗ ಮತ್ತೊಮ್ಮೆ ಅಳುಕುತ್ತಾನೆ.

ಹಾಗಾದರೆ ಜಮೀಲ್ ಅವರಿಂದ ನಾನು ಬಯಸುವುದೇನು? ಚೆಂಡನ್ನು ಮುನ್ನೂರು ಸಲ ಆಚೀಚೆ ಉರುಳಿಸುವ ಚೆಂದದ ಆಟವನ್ನಂತೂ ಅಲ್ಲ. ವಿದೇಶಿ ಕೋಚ್‌ಗಳ ಕಾಲದಲ್ಲಿ ಆ ಮಾತನ್ನು ಬೇಕಾದಷ್ಟು ಕೇಳಿದ್ದೇವೆ. ನನಗೆ ಬೇಕಾದದ್ದು ಒಂದೇ: ಒಬ್ಬ ಹುಡುಗನನ್ನು ಆರಿಸಿ, ಅವನು ನಾಲ್ಕು ಪಂದ್ಯ ಗೋಲು ಹೊಡೆಯದಿದ್ದರೂ ಐದನೆಯದರಲ್ಲಿ ಮತ್ತೆ ಆಡಿಸುವ ಹಠ. ಇರ್ಫಾನ್ ಯಡವಾಡ ತಂಡದಲ್ಲಿದ್ದಾರೆ. ಎಫ್‌ಸಿ ಬೆಂಗಳೂರು ಯುನೈಟೆಡ್‌ನಲ್ಲಿ ಆಡಿ ಚೆನ್ನೈಯಿನ್‌ಗೆ ಹೋದವರು, ಡಿಫೆಂಡರ್‌ಗಳೊಂದಿಗೆ ಮೈ ಉಜ್ಜಿಕೊಂಡು ಆಡಲು ಹೆದರದವರು. ವಿಕ್ರಮ್ ಪ್ರತಾಪ್ ಇದ್ದಾರೆ. ಇವರಲ್ಲಿ ಒಬ್ಬರು ಬಾಕ್ಸ್‌ನಲ್ಲಿ ನಿಲ್ಲಲಿ, ಪಕ್ಕದಿಂದ ಛಾಂಗ್ಟೆ ಓಡುವ ವೇಗಕ್ಕೆ ಸರಿಯಾಗಿ ಚೆಂಡು ಒಳಗೆ ಬರಲಿ. ಈಗ ಛಾಂಗ್ಟೆ ಗೆರೆಯವರೆಗೆ ಓಡಿ, ತಲೆ ಎತ್ತಿ ನೋಡಿ, ಒಳಗೆ ಯಾರೂ ಇಲ್ಲವೆಂದು ಕಂಡು ಚೆಂಡನ್ನು ಹಿಂದಕ್ಕೆ ಕೊಡುವುದನ್ನು ಎಷ್ಟು ಸಲ ನೋಡಿಲ್ಲ! ಉವೈಸ್ ಅವರ ಥ್ರೋಗಳು ಇರಲಿ, ಜಿಂಗನ್ ಮುಂದಕ್ಕೆ ಓಡಲಿ, ಬೇಡವೆಂದವರು ಯಾರು? ಆದರೆ ಎದುರಾಳಿಗಳು ವಿಡಿಯೊ ನೋಡುವುದಿಲ್ಲವೇ? ಎರಡನೇ ಪಂದ್ಯಕ್ಕೆ ಒಬ್ಬರನ್ನು ಉವೈಸ್ ಎದುರಿಗೇ ನಿಲ್ಲಿಸುತ್ತಾರೆ, ಇಬ್ಬರನ್ನು ಅನ್ವರ್ ಮೈಗೆ ಅಂಟಿಸುತ್ತಾರೆ. ಆಮೇಲೆ?

ಲೀಗೇ ನಿಂತುಹೋಗಿರುವಾಗ ಇದನ್ನೆಲ್ಲ ಕೇಳುವುದು ಅತಿಯಾಯಿತೇನೋ. ಫೆಡರೇಷನ್ನಿಗೂ ಲೀಗ್ ನಡೆಸುವ ಕಂಪನಿಗೂ ಇರುವ ಒಪ್ಪಂದ 2025ರ ಡಿಸೆಂಬರಿಗೆ ಮುಗಿಯುತ್ತದೆಂದು ಐಎಸ್‌ಎಲ್ ತಡೆಹಿಡಿಯಲ್ಪಟ್ಟಿದೆ, ನಮ್ಮ ಬೆಂಗಳೂರು ಎಫ್‌ಸಿ ಸೇರಿ ಕೆಲವು ಕ್ಲಬ್‌ಗಳು ಆಟಗಾರರ ಸಂಬಳವನ್ನೇ ನಿಲ್ಲಿಸಿವೆ. ಲೀಗ್ ಮತ್ತೆ ಆರಂಭವಾದಾಗಲಾದರೂ, ಕನಿಷ್ಠ ಒಬ್ಬ ಭಾರತೀಯ ಫಾರ್ವರ್ಡ್ ಮೈದಾನದಲ್ಲಿ ಇರಲೇಬೇಕು ಎಂಬ ನಿಯಮ ತರಲು ಯಾರಿಗೆ ಏನು ನಷ್ಟ? ಆಟದ ಗುಣಮಟ್ಟ ಇಳಿಯುತ್ತದೆ ಎನ್ನುತ್ತಾರೆ. ಇಳಿಯಲಿ ಬಿಡಿ. ಈ ಜುಲೈನ ಫಿಫಾ ಪಟ್ಟಿಯಲ್ಲಿ 133ನೇ ರ‍್ಯಾಂಕಿನಲ್ಲಿ ಕುಳಿತವರು ಗುಣಮಟ್ಟದ ಮಾತಾಡುವುದು ನಗೆಪಾಟಲು.

ಸೋಮವಾರ ಇದೇ ಟೂರ್ನಿಯಲ್ಲಿ ಇರಾನ್ ಎದುರು ಪಂದ್ಯ. ಅಲ್ಲಿ ಮೂರೋ ನಾಲ್ಕೋ ಗೋಲು ಬಿಟ್ಟುಕೊಟ್ಟರೆ ಈಗ ಜಮೀಲ್ ಅವರನ್ನು ಹೊತ್ತು ಮೆರೆಸುತ್ತಿರುವ ಇದೇ ಗುಂಪು ಅವರನ್ನು ಕೆಳಗೆ ಹಾಕಿ ತುಳಿಯುತ್ತದೆ, ನನಗೆ ಇವರೆಲ್ಲ ಗೊತ್ತು. ನಾನು ಗುರುವಾರದ ಅಫ್ಘಾನಿಸ್ತಾನ ಪಂದ್ಯವನ್ನು ಕಾಯುತ್ತೇನೆ. ನಮಗೆ ಸಮಬಲದ ತಂಡ, ಗೋಲಿನ ಅವಕಾಶಗಳು ಸಿಗಲೇಬೇಕಾದ ಪಂದ್ಯ. ಇನ್ನು ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಅಕ್ಟೋಬರ್ 9ರಂದು ಸಿಂಗಾಪುರದಲ್ಲಿ, 14ರಂದು ತವರಿನಲ್ಲಿ ಅದೇ ಸಿಂಗಾಪುರದ ವಿರುದ್ಧ ಗೆಲ್ಲದಿದ್ದರೆ ಏಷ್ಯಾ ಕಪ್ ಬಾಗಿಲು ಮುಚ್ಚಿದಂತೆಯೇ. ಎರಡು ಪಂದ್ಯಗಳಿಂದ ನಮ್ಮ ಬಳಿ ಇರುವುದು ಒಂದು ಅಂಕ, ಅವರ ಬಳಿ ನಾಲ್ಕು. ಗುಂಪಿನಿಂದ ಮುಂದೆ ಹೋಗುವುದು ಒಂದೇ ತಂಡ. ಅಷ್ಟರೊಳಗೆ ಯಾರಾದರೂ ಒಬ್ಬ ಫಾರ್ವರ್ಡ್, ಕಾರ್ನರ್ ಅಲ್ಲದ, ಥ್ರೋ-ಇನ್ ಅಲ್ಲದ, ಪೆನಾಲ್ಟಿಯೂ ಅಲ್ಲದ ಒಂದು ಗೋಲು ಹೊಡೆಯಲಿ. ಆ ದಿನ ನಮ್ಮ ಗೆಳೆಯರ ಗುಂಪಿನಲ್ಲಿ ಎಲ್ಲರಿಗಿಂತ ಮೊದಲು ಪಟಾಕಿಯ ಚಿತ್ರ ಹಾಕುವವನು ನಾನೇ. ಅಲ್ಲಿಯವರೆಗೆ ದಯವಿಟ್ಟು ಆ "ದಾಳಿಯ ಸಮಸ್ಯೆ ಮುಗಿಯಿತು" ಎಂಬ ಸಂದೇಶವನ್ನು ನನಗೆ ಫಾರ್ವರ್ಡ್ ಮಾಡಬೇಡಿ, ಬೆಳಿಗ್ಗೆಯಿಂದ ಆರು ಜನ ಕಳಿಸಿದ್ದೀರಿ.