ಮಸುಕಿನ ಪರವಾಗಿ ಒಂದು ಅಹವಾಲು

ಮಂಗಳಗ್ರಹದ ಜನಗಣತಿಯನ್ನು ಯಾರಾದರೂ ಶ್ರದ್ಧೆಯಿಂದ ಮಾಡಿದರೆ ಒಂದು ವಿಷಾದಕರ ಸಂಗತಿ ಹೊರಬೀಳುತ್ತದೆ: ನಮ್ಮ ಕ್ಯಾಮೆರಾಗಳು ಸುಧಾರಿಸಿದಷ್ಟೂ ಅಲ್ಲಿನ ಜನಸಂಖ್ಯೆ ಕುಸಿಯುತ್ತ ಬಂದಿದೆ. ದೂರದರ್ಶಕವೊಂದೇ ಗತಿಯಾಗಿದ್ದ ಕಾಲದಲ್ಲಿ ಅಲ್ಲಿ ಗ್ರಹದುದ್ದಕ್ಕೂ ನೀರಾವರಿ ಇಲಾಖೆ ನಡೆಸುವಷ್ಟು ಮುಂದುವರಿದ ಜನರಿದ್ದರು. 1976ರ ಹೊತ್ತಿಗೆ ಆ ಜನರೆಲ್ಲ ಹೋಗಿ ಒಂದು ಮುಖ, ಕೆಲವು ಪಿರಮಿಡ್ಡುಗಳು ಉಳಿದವು. 2001ರಲ್ಲಿ ಮುಖವೂ ಹೋಯಿತು. ಪಿಕ್ಸೆಲ್ಲೊಂದಕ್ಕೆ ಕಾಲು ಮೀಟರಿನಷ್ಟು ಸೂಕ್ಷ್ಮವಾಗಿ ನೆಲವನ್ನು ನೋಡಬಲ್ಲ ಕ್ಯಾಮೆರಾ ಸುತ್ತು ಹಾಕುತ್ತಿರುವ ಈಗಿನ ಕಾಲದಲ್ಲಿ ಅಲ್ಲಿ ಲೆಕ್ಕಕ್ಕೆ ಸಿಗುವುದು ಒಂದು ಕರಡಿ, ಒಂದಿಷ್ಟು ಜೇಡಗಳು ಮತ್ತು ಒಂದು ಚೌಕ. ಇಷ್ಟು ದೊಡ್ಡ ಸಂಹಾರಕ್ಕೆ ಕಾರಣವಾದ ಮಸೂರಗಳ ಮೇಲೆ ಇದುವರೆಗೆ ಒಂದು ದೂರೂ ದಾಖಲಾಗಿಲ್ಲ.

ಆ ನೀರಾವರಿ ಇಲಾಖೆಯ ಸ್ಥಾಪಕರು ಪರ್ಸಿವಲ್ ಲೊವೆಲ್. ಇಟಲಿಯ ಖಗೋಳತಜ್ಞ ಸ್ಕಿಯಾಪರೆಲ್ಲಿ 1877ರಲ್ಲಿ ಗುರುತಿಸಿದ ಕೆಲವು ಗೆರೆಗಳನ್ನು ಹಿಡಿದುಕೊಂಡ ಬಾಸ್ಟನ್ನಿನ ಈ ಶ್ರೀಮಂತರು 1894ರಲ್ಲಿ ಅರಿಜೋನಾದ ಫ್ಲ್ಯಾಗ್‌ಸ್ಟಾಫ್‌ನಲ್ಲಿ ಸ್ವಂತ ವೀಕ್ಷಣಾಲಯವನ್ನು ಕಟ್ಟಿಸಿ, ಗೆರೆಗಳನ್ನು ನೂರಾರು ಕಾಲುವೆಗಳ ಜಾಲವಾಗಿ ಬೆಳೆಸಿ, ಒಣಗುತ್ತಿರುವ ಗ್ರಹದ ಜನರು ಧ್ರುವದ ಹಿಮ ಕರಗಿದ ನೀರನ್ನು ನಡುನಾಡಿನ ಹೊಲಗಳಿಗೆ ಹರಿಸಿಕೊಳ್ಳುತ್ತಿದ್ದಾರೆಂದು ಪುಸ್ತಕಗಳನ್ನೇ ಬರೆದರು. ಒಂದು ನದಿಯ ನೀರಿಗಾಗಿ ನ್ಯಾಯಮಂಡಳಿ, ಪ್ರಾಧಿಕಾರ, ಸುಪ್ರೀಂ ಕೋರ್ಟು ಎಂದು ತಲೆಮಾರುಗಟ್ಟಲೆ ಅಲೆದ ನಮ್ಮನ್ನು ಅವರು ಒಂದು ಮಾತು ಕೇಳಿದ್ದರೆ, ಇಡೀ ಗ್ರಹವೊಂದು ಜಗಳವಿಲ್ಲದೆ ನೀರು ಹಂಚಿಕೊಂಡಿತೆಂಬುದನ್ನು ಮೊದಲ ಪುಟದಲ್ಲೇ ಅನುಮಾನಿಸಿ ಎಂದು ಹೇಳಿರುತ್ತಿದ್ದೆವು. ಲೊವೆಲ್ ಅವರು ಶುಕ್ರನ ಮೇಲೂ ಗಾಲಿಯ ಅರಗಳಂಥ ಗೆರೆಗಳನ್ನು ಕಂಡಿದ್ದರು. ಶುಕ್ರನ ನೆಲವನ್ನು ದಟ್ಟ ಮೋಡ ಸದಾಕಾಲ ಮುಚ್ಚಿರುತ್ತದೆ. ದೂರದರ್ಶಕದ ಬಾಯಿಯನ್ನು ಅತಿಯಾಗಿ ಕಿರಿದು ಮಾಡಿಕೊಂಡು ನೋಡಿದ್ದರಿಂದ ಅವರಿಗೆ ಕಂಡದ್ದು ಅವರದೇ ಕಣ್ಣಿನ ರಕ್ತನಾಳಗಳ ನೆರಳಾಗಿರಬೇಕು ಎಂಬ ವಿವರಣೆ ಬಹಳ ತಡವಾಗಿ ಬಂತು. ಆತ್ಮಾವಲೋಕನಕ್ಕೆ ಇಷ್ಟು ದುಬಾರಿ ಉಪಕರಣವನ್ನು ಬಳಸಿದವರು ಇತಿಹಾಸದಲ್ಲಿ ವಿರಳ.

ಗ್ರೀನಿಚ್‌ನ ಖಗೋಳತಜ್ಞ ವಾಲ್ಟರ್ ಮೌಂಡರ್ 1903ರ ಸುಮಾರಿಗೆ ಅಲ್ಲಿನ ಶಾಲೆಯೊಂದರ ಮುಖ್ಯಸ್ಥರೊಡನೆ ಸೇರಿ ಒಂದು ಕಿಡಿಗೇಡಿ ಪ್ರಯೋಗವನ್ನು ಮಾಡಿದರು. ಕಾಲುವೆಗಳೇ ಇಲ್ಲದ, ಬರಿಯ ಚುಕ್ಕೆಗಳೂ ಕಲೆಗಳೂ ಇದ್ದ ಮಂಗಳನ ಚಿತ್ರವನ್ನು ತೂಗುಹಾಕಿ, ಕಂಡದ್ದನ್ನು ಕಂಡಹಾಗೆ ಬಿಡಿಸಿರೆಂದು ಹುಡುಗರಿಗೆ ಹೇಳಿದರು. ಹತ್ತಿರ ಕುಳಿತವರು ಚುಕ್ಕೆಗಳನ್ನು ಬಿಡಿಸಿದರು. ಚುಕ್ಕೆಗಳು ಬಿಡಿಬಿಡಿಯಾಗಿ ಕಾಣದಷ್ಟು ದೂರದಲ್ಲಿದ್ದವರಲ್ಲಿ ಹಲವರು ನೇರವಾದ ಗೆರೆಗಳನ್ನು ಎಳೆದುಕೊಟ್ಟರು. ಅಂದರೆ ಕಾಲುವೆ ತೋಡುವುದಕ್ಕೆ ಮಂಗಳನವರೇ ಬೇಕಿಲ್ಲ, ಸರಿಯಾದ ಬೆಂಚಿನಲ್ಲಿ ಕುಳಿತ ಹುಡುಗ ಸಾಕು. ಇಷ್ಟಾದರೂ ಕಾಲುವೆಗಳು ಬತ್ತಲಿಲ್ಲ. ಅವು ಬತ್ತಿದ್ದು 1965ರ ಜುಲೈಯಲ್ಲಿ, ಅಮೆರಿಕದ ಮ್ಯಾರಿನರ್-4 ನೌಕೆ ಪಕ್ಕದಲ್ಲಿ ಹಾದುಹೋಗುವಾಗ ತೆಗೆದ ಬೆರಳೆಣಿಕೆಯ ಚಿತ್ರಗಳಲ್ಲಿ ಚಂದ್ರನ ಮೇಲಿರುವಂಥ ಕುಳಿಗಳು ಕಂಡಾಗ.

ನೀರಾವರಿ ಖಾತೆ ಹೋದ ಹನ್ನೊಂದು ವರ್ಷಕ್ಕೆ ಸಂಸ್ಕೃತಿ ಖಾತೆ ಬಂತು. 1976ರ ಜುಲೈ 25ರಂದು ವೈಕಿಂಗ್-1 ಕಕ್ಷಾನೌಕೆಯು ತನ್ನ ಜೊತೆಗಾರ ವೈಕಿಂಗ್-2 ಇಳಿಯುವುದಕ್ಕೆ ತಕ್ಕ ಜಾಗವನ್ನು ಹುಡುಕುತ್ತ ಉತ್ತರಾರ್ಧದ ಸೈಡೋನಿಯಾ ಪ್ರದೇಶವನ್ನು 1,873 ಕಿಲೋಮೀಟರ್ ದೂರದಿಂದ ಚಿತ್ರಿಸಿತು. ಸೂರ್ಯ ದಿಗಂತದಿಂದ 20 ಡಿಗ್ರಿಯಷ್ಟು ಮಾತ್ರ ಮೇಲಿದ್ದ, ನೆರಳುಗಳು ಉದ್ದವಾಗಿದ್ದವು, ಒಂದೆರಡು ಕಿಲೋಮೀಟರ್ ಅಗಲದ ಗುಡ್ಡವೊಂದರ ಅರ್ಧ ಮೈ ಬೆಳಕಿನಲ್ಲಿ, ಅರ್ಧ ಮೈ ಕತ್ತಲೆಯಲ್ಲಿತ್ತು; ನೋಡಿದವರಿಗೆ ಅದು ಮನುಷ್ಯನ ಮುಖದಂತೆ ಕಂಡಿತು. ಆ ಚಿತ್ರವನ್ನು ಹತ್ತಿರದಿಂದ ನೋಡಿದವರಿಗೆ ಅದರ ಮೇಲೆಲ್ಲ ಮೆಣಸು ಉದುರಿಸಿದಂತೆ ಕಪ್ಪು ಚುಕ್ಕೆಗಳಿರುವುದು ಕಾಣುತ್ತದೆ. ಅವು ಮಂಗಳದಿಂದ ಭೂಮಿಗೆ ಬರುವ ದಾರಿಯಲ್ಲಿ ಮಾಹಿತಿ ಕಳೆದುಹೋದ ಜಾಗಗಳು. ಅಂಥದೊಂದು ಚುಕ್ಕೆ ಸರಿಯಾಗಿ ಮೂಗಿನ ಹೊಳ್ಳೆ ಇರಬೇಕಾದ ಕಡೆ ಬಂದು ಕುಳಿತಿದೆ. ಬಾರದೆ ಹೋದ ಮಾಹಿತಿಯಿಂದ ಒಂದು ನಾಗರಿಕತೆ ಉಸಿರಾಡುವಂತಾಯಿತು.

ನಾಸಾ ಈ ಚಿತ್ರವನ್ನು ಮುಚ್ಚಿಡಲಿಲ್ಲ. ಕೆಲವೇ ದಿನಗಳಲ್ಲಿ, ಮನುಷ್ಯನ ತಲೆಯಂತೆ ಕಾಣುವ ಬಂಡೆರಾಶಿ, ಕಣ್ಣು ಮೂಗು ಬಾಯಿಗಳೆಲ್ಲ ನೆರಳಿನ ಭ್ರಮೆ ಎಂಬ ವಿವರಣೆಯೊಡನೆ ತಾನೇ ಪತ್ರಿಕೆಗಳಿಗೆ ಹಂಚಿತು. ಜನರ ಕುತೂಹಲ ಕೆರಳಲಿ ಎಂಬ ಆಸೆಯೂ ಅದರಲ್ಲಿತ್ತು. ಆ ಆಸೆ ಬೇಕಾದುದಕ್ಕಿಂತ ಹೆಚ್ಚಾಗಿ ಈಡೇರಿತು. ಮುಂದಿನ ಐವತ್ತು ವರ್ಷ ನಾಸಾ ಈ ಚಿತ್ರವನ್ನು ಮುಚ್ಚಿಟ್ಟಿತೆಂಬ ಆರೋಪವನ್ನು ಹೊರಿಸಿದವರೆಲ್ಲ ನಾಸಾ ಹಂಚಿದ ಪ್ರತಿಯನ್ನೇ ಕೈಯಲ್ಲಿ ಹಿಡಿದು ಹೊರಿಸಿದರು. ವೈಕಿಂಗ್-2 ಕೊನೆಗೆ ಸೈಡೋನಿಯಾದಲ್ಲಿ ಇಳಿಯಲಿಲ್ಲ. ನೆಲ ತೀರ ಒರಟಾಗಿದೆ ಎಂದು ಅದನ್ನು ಯುಟೋಪಿಯಾ ಬಯಲಿಗೆ ಇಳಿಸಿದರು. ಈ ಎಚ್ಚರಿಕೆಯನ್ನು ಭಕ್ತರು ಯಾವ ಲೆಕ್ಕಕ್ಕೆ ಬರೆದುಕೊಂಡರೆಂದು ಬೇರೆ ಹೇಳಬೇಕಿಲ್ಲ.

ಡಿಪಿಯೆಟ್ರೊ ಮತ್ತು ಮೊಲೆನಾರ್ ಎಂಬ ಇಬ್ಬರು ಕಂಪ್ಯೂಟರ್ ಎಂಜಿನಿಯರುಗಳು ಸಂಗ್ರಹದಿಂದ ಅದೇ ಗುಡ್ಡದ ಇನ್ನೊಂದು ಚಿತ್ರವನ್ನು ಹುಡುಕಿ ತೆಗೆದರು; ಪಕ್ಕದ ಐದು ಮೂಲೆಯ ಗುಡ್ಡ ಅವರ ಹೆಸರಿನ ಮೊದಲಕ್ಷರಗಳಿಂದಲೇ ಡಿ ಆ್ಯಂಡ್ ಎಂ ಪಿರಮಿಡ್ ಎನಿಸಿಕೊಂಡಿತು. ಆಮೇಲೆ ಬಂದ ರಿಚರ್ಡ್ ಹೋಗ್‌ಲ್ಯಾಂಡ್ ಆ ನೆರೆಹೊರೆಗೆ ನಗರ, ಕೋಟೆ ಎಂದು ನಾಮಕರಣ ಮಾಡಿ, ಗುಡ್ಡದಿಂದ ಗುಡ್ಡಕ್ಕೆ ಗೆರೆ ಎಳೆದು, ಕೋನಗಳನ್ನು ಅಳೆದು, ಅವುಗಳಲ್ಲಿ ವಿಶ್ವದ ಗಣಿತವನ್ನು ಓದಿದರು. ಒಂದು ಪಿಕ್ಸೆಲ್ಲಿಗೆ ನಲವತ್ತು ಮೀಟರಿಗೂ ಹೆಚ್ಚು ನೆಲ ಅಡಗಿದ್ದ ಚಿತ್ರದಲ್ಲಿ ಕೋಟೆಯ ಗೋಡೆಯನ್ನು ಗುರುತಿಸುವುದು ಸಾಮಾನ್ಯ ಸಾಧನೆಯಲ್ಲ. ಅಷ್ಟು ನೆಲದಲ್ಲಿ ನಮ್ಮ ಬೆಂಗಳೂರಿನಲ್ಲಾದರೆ ಹತ್ತಕ್ಕೂ ಹೆಚ್ಚು ಮೂವತ್ತು-ನಲವತ್ತರ ಸೈಟುಗಳನ್ನು ಮಾಡಿ, ಎಲ್ಲವನ್ನೂ ಇಬ್ಬಿಬ್ಬರಿಗೆ ಮಾರಿರುತ್ತಿದ್ದರು.

ಹದಿನೇಳು ವರ್ಷ ನಾಸಾದ ಬೇರೆ ಕ್ಯಾಮೆರಾ ಅಲ್ಲಿಗೆ ಹೋಗಲಿಲ್ಲವೆಂಬುದೇ ಈ ನಗರದ ಸುವರ್ಣಯುಗ. 1993ರ ಆಗಸ್ಟ್ 21ರಂದು, ಮಂಗಳನನ್ನು ತಲುಪಲು ಮೂರು ದಿನವಿದೆಯೆನ್ನುವಾಗ ಮಾರ್ಸ್ ಅಬ್ಸರ್ವರ್ ನೌಕೆ ಸಂಪರ್ಕವನ್ನು ಕಳೆದುಕೊಂಡಿತು. ಇಂಧನಕ್ಕೆ ಒತ್ತಡ ತುಂಬುವಾಗ ಕೊಳವೆ ಒಡೆದಿರಬೇಕೆಂದು ತನಿಖಾ ಸಮಿತಿ ಹೇಳಿತು. ಮುಖಭಕ್ತರು ಹೇಳಿದ್ದು ಬೇರೆ: ಮುಖವನ್ನು ತೋರಿಸಬೇಕಾಗುತ್ತದೆಂಬ ಭಯದಿಂದ ನಾಸಾ ತನ್ನ ನೌಕೆಯನ್ನು ತಾನೇ ಬಂದ್ ಮಾಡಿತು. ಒಂದು ಗುಡ್ಡವನ್ನು ಮರೆಮಾಡಲು ಎಂಬತ್ತು ಕೋಟಿ ಡಾಲರಿನ ನೌಕೆಯನ್ನು ಬಲಿಕೊಡುವಷ್ಟು ಉದಾರವಾದ ಸಂಸ್ಥೆಗೆ, ಸುಮ್ಮನೆ ಬೇರೆ ಕಡೆ ಕ್ಯಾಮೆರಾ ತಿರುಗಿಸುವ ಅಗ್ಗದ ಉಪಾಯ ಹೊಳೆಯದೆ ಹೋಯಿತೆಂಬುದನ್ನು ನಾವು ನಂಬಬೇಕು.

1998ರ ಏಪ್ರಿಲ್ 5ರಂದು ನಾಸಾದ ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ ಆ ಗುಡ್ಡದ ಮೇಲೆ ಹಾದುಹೋಗಿ ವೈಕಿಂಗ್‌ಗಿಂತ ಎಷ್ಟೋ ಪಟ್ಟು ಸ್ಪಷ್ಟವಾದ ಚಿತ್ರವನ್ನು ತೆಗೆಯಿತು. ಮುಖ ಕಾಣಲಿಲ್ಲ. ಆಗ ಅಲ್ಲಿ ಚಳಿಗಾಲ, ತೆಳ್ಳಗೆ ಮೋಡವಿತ್ತು, ಮುಖ ಮಂಜಿನ ಹಿಂದೆ ಅಡಗಿದೆ ಎಂಬ ಆಕ್ಷೇಪಣೆ ಬಂತು. ಇಪ್ಪತ್ತೆರಡು ವರ್ಷ ಮಸುಕಿನಿಂದಲೇ ಬದುಕಿದವರು ಮೊದಲ ಬಾರಿಗೆ ಮಸುಕಿನ ಬಗ್ಗೆ ದೂರಿದ ಚಾರಿತ್ರಿಕ ಸಂದರ್ಭವಿದು. ಆಗಲಿ ಎಂದು 2001ರ ಏಪ್ರಿಲ್ 8ರಂದು, ಮೋಡವಿಲ್ಲದ ಬೇಸಿಗೆಯ ದಿನ, ನೌಕೆಯನ್ನೇ 25 ಡಿಗ್ರಿ ಹೊರಳಿಸಿ ಪಿಕ್ಸೆಲ್ಲಿಗೆ 1.56 ಮೀಟರಿನ ಚಿತ್ರವನ್ನು ತೆಗೆದರು. ಅಲ್ಲೊಂದು ಗುಡಿಸಲಿದ್ದರೂ ಕಾಣಬೇಕು. ಕಂಡದ್ದು ಅಂಚು ಸವೆದ, ಮೇಲ್ಭಾಗ ಚಪ್ಪಟೆಯಾದ, ಭೂಮಿಯ ಎಷ್ಟೋ ಬೆಂಗಾಡುಗಳಲ್ಲಿ ಇರುವಂಥ ಒಂದು ಗುಡ್ಡ. ನಾಸಾದ ವಿಜ್ಞಾನಿ ಜಿಮ್ ಗಾರ್ವಿನ್ ಅದನ್ನು ಅಮೆರಿಕದ ಐಡಹೊ ರಾಜ್ಯದ ಮಿಡಲ್ ಬ್ಯೂಟ್ ಎಂಬ ಗುಡ್ಡಕ್ಕೆ ಹೋಲಿಸಿದ್ದಲ್ಲದೆ, ನೆತ್ತಿಯವರೆಗೆ ಹತ್ತುವ ಕಾಲುದಾರಿಯ ನಕ್ಷೆಯನ್ನೂ ಬರೆದುಕೊಟ್ಟರು. ದೇವರ ಹಣೆಯ ಮೇಲೆ ಚಾರಣದ ದಾರಿ ಗುರುತಿಸುವವರ ಜೊತೆ ಯಾವ ಭಕ್ತ ತಾನೇ ಮಾತಾಡಿಯಾನು? ಇದು ಕೂಡ ತಿದ್ದಿದ ಚಿತ್ರವೆಂದು ಹೇಳಿ ಅವರು ಎದ್ದು ಹೋದರು. ಮಸುಕಾದದ್ದು ಅಸಲಿ, ಸ್ಪಷ್ಟವಾದದ್ದು ನಕಲಿ ಎಂಬ ನಿಯಮ ಅಲ್ಲಿಂದ ಕಾಯಂ ಆಯಿತು.

ನನಗೆ ಅರ್ಥವಾಗದಿರುವುದು ಗಾಲೆ ಕುಳಿಗೆ ಆದ ಅನ್ಯಾಯ. ಆರ್ಗೈರ್ ಬಯಲಿನ ಪೂರ್ವದ ಅಂಚಿನಲ್ಲಿ ಸುಮಾರು 230 ಕಿಲೋಮೀಟರ್ ಅಗಲದ ಈ ಕುಳಿಯಲ್ಲಿ ಎರಡು ಕಣ್ಣು, ಬಾಗಿದ ಬಾಯಿ ಎಲ್ಲವೂ ಇವೆ, ಅದು ನಗುತ್ತಿದೆ. ಸೈಡೋನಿಯಾದ ಗುಡ್ಡಕ್ಕಿಂತ ನೂರು ಪಟ್ಟು ದೊಡ್ಡದು, ಕ್ಯಾಮೆರಾ ಬದಲಾದರೂ ಮಾಯವಾಗದು. ಆದರೂ ಅದಕ್ಕೊಬ್ಬ ಭಕ್ತನಿಲ್ಲ, ಅದರ ಸುತ್ತ ಒಂದು ನಗರವಿಲ್ಲ. ಗಂಭೀರವಾಗಿ ಆಕಾಶವನ್ನು ದಿಟ್ಟಿಸುವ ಮುಖವಾದರೆ ಅದರ ಹಿಂದೆ ರಹಸ್ಯವಿರಬೇಕು. ಹಲ್ಲು ಕಿರಿಯುವ ಮುಖವನ್ನು ಯಾವ ಪ್ರಾಚೀನ ಚಕ್ರವರ್ತಿ ಕೆತ್ತಿಸಿಯಾನು? 2022ರ ಡಿಸೆಂಬರಿನಲ್ಲಿ, ಮೊದಲು ಹೇಳಿದ ಕಾಲು ಮೀಟರಿನ ಹೈರೈಸ್ ಕ್ಯಾಮೆರಾ ಸೆರೆಹಿಡಿದ ಕರಡಿಯ ಪಾಡೂ ಅದೇ. ಎರಡು ಕುಳಿ ಕಣ್ಣಾಗಿ, ಕುಸಿದ ದಿಬ್ಬ ಮೂತಿಯಾಗಿ, ಸುತ್ತಲಿನ ಬಿರುಕು ತಲೆಯಾಗಿ ಇಷ್ಟು ಮುದ್ದಾಗಿ ಕಂಡರೂ ಅದು ಒಂದು ವಾರ ಮೊಬೈಲಿನಿಂದ ಮೊಬೈಲಿಗೆ ಹಾರಿ ಮುಗಿಯಿತು.

ಇನ್ನು ದಕ್ಷಿಣ ಧ್ರುವದ ಜೇಡಗಳು ನಿಜಕ್ಕೂ ವಿಚಿತ್ರ, ಆದ್ದರಿಂದಲೇ ಅವು ಯಾರಿಗೂ ಬೇಡ. ಚಳಿಗಾಲದಲ್ಲಿ ಅಲ್ಲಿನ ನೆಲದ ಮೇಲೆ ಇಂಗಾಲದ ಡೈಆಕ್ಸೈಡಿನ ಮಂಜುಗಡ್ಡೆ ಹಾಸುಗಟ್ಟುತ್ತದೆ. ವಸಂತದ ಬಿಸಿಲು ಅದರೊಳಗೆ ತೂರಿ ಅಡಿಯ ನೆಲವನ್ನು ಕಾಯಿಸುತ್ತದೆ. ಗಡ್ಡೆಯ ತಳ ದ್ರವವಾಗದೆ ನೇರವಾಗಿ ಅನಿಲವಾಗುತ್ತದೆ. ಸಿಕ್ಕಿಬಿದ್ದ ಅನಿಲ ನೆಲವನ್ನು ಕೊರೆದುಕೊಂಡು ಓಡಿ, ಕೊನೆಗೊಂದು ಬಿರುಕಿನಿಂದ ಕಪ್ಪು ಧೂಳಿನೊಡನೆ ಚಿಮ್ಮುತ್ತದೆ. ಹೀಗೆ ಕೊರೆದ ಕವಲುಗಳು ಮೇಲಿನಿಂದ ಜೇಡನ ಕಾಲುಗಳಂತೆ ಕಾಣುತ್ತವೆ. ಶ್ರೀಲಂಕಾದಲ್ಲಿ ನೆಲೆಸಿದ್ದ ವಿಜ್ಞಾನ ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಅಂಥವರೇ 2001ರಲ್ಲಿ ಇವನ್ನು ನೋಡಿ ಆಲದ ಮರಗಳಂತಿವೆ ಎಂದಿದ್ದರು. ಸುತ್ತಮುತ್ತ ಏನಿದೆಯೋ ಅದೇ ಮಂಗಳನಲ್ಲೂ ಕಾಣುವುದು ಸಹಜ. ಮಂಜುಗಡ್ಡೆಯ ಅಡಿಯಿಂದ ಅನಿಲ ಚಿಮ್ಮುವ ಈ ಸಂಗತಿ ಭೂಮಿಯ ಮೇಲೆ ಎಲ್ಲಿಯೂ ನಡೆಯದು. ಆದರೆ ನಮಗೆ ಬೇಕಾದದ್ದು ಭೂಮಿಯಲ್ಲಿ ಇಲ್ಲದ್ದಲ್ಲ, ಈಜಿಪ್ಟಿನಲ್ಲಿ ಇರುವಂಥದ್ದು.

ನಮ್ಮ ಮಂಗಳಯಾನವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. 2014ರ ಸೆಪ್ಟೆಂಬರ್ 24ರಂದು ಕಕ್ಷೆ ಸೇರಿದ ಆ ನೌಕೆ ಬೆಂಗಳೂರಿನ ನಿಯಂತ್ರಣ ಕೇಂದ್ರದ ಮಾತು ಕೇಳುತ್ತ, ಬ್ಯಾಲಾಳಿನ ದೊಡ್ಡ ಆಂಟೆನಾಗಳಿಗೆ ವರದಿ ಒಪ್ಪಿಸುತ್ತ, 2022ರವರೆಗೆ ದುಡಿದು, ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಕಳಿಸಿತು. ಕಕ್ಷೆಯ ದೂರದ ತುದಿಯಿಂದ ಇಡೀ ಗ್ರಹವನ್ನು ಒಂದೇ ಚೌಕಟ್ಟಿನಲ್ಲಿ ತೋರಿಸಿತು. ಆ ಚಿತ್ರಗಳಲ್ಲಿ ಮುಖವಾಗಲಿ ಪಿರಮಿಡ್ಡಾಗಲಿ ಇರಲಿಲ್ಲವಾದ್ದರಿಂದ ರಾತ್ರಿ ಹತ್ತರ ಕಾರ್ಯಕ್ರಮಕ್ಕೆ ಅವು ಒದಗಲಿಲ್ಲ. ಅಲ್ಲಿ ಬೇಕಾದದ್ದು ಬೇರೆ: ಎಲ್ಲಿಂದಲೋ ಬಂದ ಕೆಂಬಣ್ಣದ ಮಬ್ಬು ಚಿತ್ರ, ಅದರ ಮೇಲೊಂದು ಕೆಂಪು ವೃತ್ತ, ವೃತ್ತಕ್ಕೊಂದು ಬಾಣ, ಹಿನ್ನೆಲೆಯಲ್ಲಿ ನಗಾರಿ, ಶೀರ್ಷಿಕೆಯ ಕೊನೆಗೆ ಮೂರು ಪ್ರಶ್ನಾರ್ಥಕ ಚಿಹ್ನೆ. ಮರುದಿನ ಬೆಳಿಗ್ಗೆ ಅದೇ ಪರದೆಯಲ್ಲಿ ಕುಜ ಏಳನೆಯ ಮನೆಯಲ್ಲಿರುವವರು ಏನು ಮಾಡಬೇಕೆಂಬ ಸಲಹೆ ಬರುತ್ತದೆ. ಕುಜನ ಮನೆಯಲ್ಲಿ ಯಾರಿದ್ದಾರೆಂಬುದು ರಾತ್ರಿಯ ಪ್ರಶ್ನೆ, ಯಾರ ಮನೆಯಲ್ಲಿ ಕುಜನಿದ್ದಾನೆಂಬುದು ಬೆಳಗಿನದು.

ಇತ್ತೀಚಿನ ಪ್ರಕರಣ ಚೌಕದ್ದು. ಮಾರ್ಸ್ ಗ್ಲೋಬಲ್ ಸರ್ವೇಯರ್ 2006ರಲ್ಲೇ ಮೌನವಾಯಿತು. ಅದು ತೆಗೆದ ಹಳೆಯ ಚಿತ್ರವೊಂದನ್ನು ಯಾರೋ 2025ರ ಆರಂಭದಲ್ಲಿ ಕತ್ತರಿಸಿ, ಬೆಳಕು ನೆರಳನ್ನು ಗಾಢ ಮಾಡಿ ಹರಿಬಿಟ್ಟರು. ಅದರಲ್ಲಿ ಒಂದು ಸುಮಾರಾದ ಚೌಕವಿತ್ತು. ಪ್ರಕೃತಿಗೆ ನೇರ ಗೆರೆ ಎಳೆಯಲು ಬರುವುದಿಲ್ಲ ಎಂಬ ಶಾಸ್ತ್ರ ಮತ್ತೆ ಹೊರಬಂತು. ಬಿರುಕುಗಳು ಒಂದನ್ನೊಂದು ಅಡ್ಡ ದಾಟಿದಲ್ಲೆಲ್ಲ ಮೂಲೆಗಳು ಹುಟ್ಟುತ್ತವೆಂಬ ಭೂವಿಜ್ಞಾನಿಗಳ ಮಾತು ಯಾರಿಗೂ ಕೇಳಿಸಲಿಲ್ಲ. ಎಲಾನ್ ಮಸ್ಕ್ ಅವರಂತೂ ಗಗನಯಾತ್ರಿಗಳನ್ನೇ ಮಂಗಳಕ್ಕೆ ಕಳಿಸಿ ತನಿಖೆ ಮಾಡಿಸಬೇಕೆಂದು ಎಕ್ಸ್‌ನಲ್ಲಿ ಬರೆದರು. ಅಲ್ಲಿಗೆ ಹೋಗುವ ರಾಕೆಟ್ಟನ್ನು ಅವರೇ ಕಟ್ಟುತ್ತಿರುವುದು ಕೇವಲ ಕಾಕತಾಳೀಯ.

ತನಿಖೆಗೆ ಇದಕ್ಕಿಂತ ಅಗ್ಗದ ದಾರಿಯೊಂದಿದೆ. ಹೈರೈಸ್ ಕ್ಯಾಮೆರಾವನ್ನು ನಡೆಸುವ ಅರಿಜೋನಾ ವಿಶ್ವವಿದ್ಯಾಲಯದವರು 2010ರಿಂದ ಹೈವಿಶ್ ಎಂಬ ವ್ಯವಸ್ಥೆಯನ್ನು ಇಟ್ಟಿದ್ದಾರೆ. ಅದರಲ್ಲಿ ಜಗತ್ತಿನ ಯಾವ ಮೂಲೆಯವರೇ ಆಗಲಿ, ಮಂಗಳದ ನಕ್ಷೆಯ ಮೇಲೆ ತಮಗೆ ಬೇಕಾದ ಜಾಗವನ್ನು ಗುರುತಿಸಿ, ಯಾಕೆ ಬೇಕೆಂದು ನಾಲ್ಕು ಸಾಲು ಬರೆದು ಅರ್ಜಿ ಹಾಕಬಹುದು. ಶುಲ್ಕವಿಲ್ಲ, ಶಿಫಾರಸು ಬೇಡ, ಮಧ್ಯವರ್ತಿಗಳಿಲ್ಲ. ಚೌಕದ ರಹಸ್ಯವನ್ನು ಬಯಲು ಮಾಡಿರೆಂದು ಹಗಲಿರುಳು ಕೂಗುವವರು ಈ ಅರ್ಜಿಯ ಮಾತೆತ್ತಿದರೆ ಮೌನವಾಗುತ್ತಾರೆ, ಮತ್ತು ಅವರ ಸಂಕಟ ನನಗೆ ಅರ್ಥವಾಗುತ್ತದೆ: ಸರದಿ ಬಂದರೆ ಹೈರೈಸ್‌ನವರು ನಿಜವಾಗಿಯೂ ಚಿತ್ರ ತೆಗೆದು ಕಳಿಸಿಬಿಡುತ್ತಾರೆ.